ಲ್ಯಾಂಡ್‌ಸ್ಕೇಪ್ ಫೋಟೋಗೆ ಎಚ್‌ಡಿಆರ್ ಮಾಡೋದು ಹೇಗೆ?

ಸೂರ್ಯ ಮುಳುಗೋ ಹೊತ್ತಲ್ಲಿ ಬೆಟ್ಟ ಸರಿಯಾಗಿ ಬಂದ್ರೆ ಆಕಾಶ ಬೆಳ್ಳಗಾಗತ್ತೆ, ಆಕಾಶ ಸರಿ ಬಂದ್ರೆ ಬೆಟ್ಟ ಕಪ್ಪಾಗತ್ತೆ, ಯಾಕಂದ್ರೆ ಅಷ್ಟೊಂದು ಬೆಳಕಿನ ವ್ಯತ್ಯಾಸನ ಸೆನ್ಸರ್‌ಗೆ ಒಂದೇ ಶಾಟ್‌ನಲ್ಲಿ ಹಿಡಿಯಕ್ಕಾಗಲ್ಲ. ಅದಕ್ಕೇ ಬ್ರಾಕೆಟಿಂಗ್ ಬೇಕು, ಅಂದ್ರೆ ಒಂದೇ ದೃಶ್ಯನ ಬೇರೆ ಬೇರೆ ಬೆಳಕಿನ ಮಟ್ಟದಲ್ಲಿ ಹಲವು ಸಲ ತೆಗೆಯೋದು; ಆ ಶಾಟ್‌ಗಳನ್ನ ಆಮೇಲೆ ಒಂದೇ ಫೋಟೋ ಆಗಿ ಸೇರಿಸೋದೇ ಎಚ್‌ಡಿಆರ್. ಟ್ರೈಪಾಡ್ ಮೇಲಿಟ್ಟು ರಾ ಫಾರ್ಮ್ಯಾಟ್‌ನಲ್ಲಿ (ಸೆನ್ಸರ್ ಹಿಡಿದ ಮಾಹಿತಿನ ಹಾಗೇ ಉಳಿಸೋ ಫೈಲ್) −2 (ಕಪ್ಪಗೆ), 0 (ಸಾಮಾನ್ಯ), +2 (ಬೆಳ್ಳಗೆ) ಅಂತ 3 ಶಾಟ್ ತೆಗೀರಿ, ಆದ್ರೆ ಬದಲಾಗ್ಬೇಕಾದ್ದು ಶಟರ್ ಸ್ಪೀಡ್ ಮಾತ್ರ, ಅಂದ್ರೆ ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್/8 ಹಾಗೇ ಇಟ್ಟು 1/250, 1/60, 1/15 ಸೆಕೆಂಡ್ ಈ ಥರ, ಅಪರ್ಚರ್ ಮುಟ್ಟಿದ್ರೆ ಫೋಕಸ್ ಆಳನೇ ಬದಲಾಗಿ ಮೂರೂ ಸರಿಯಾಗಿ ಒಂದರ ಮೇಲೊಂದು ಕೂರಲ್ಲ. ಗಾಳಿಗೆ ಎಲೆ ಅಲ್ಲಾಡ್ತಿದ್ರೆ ಸಾಫ್ಟ್‌ವೇರ್‌ನಲ್ಲಿ ಮರ್ಜ್ ಮಾಡುವಾಗ (ಮೂರನ್ನೂ ಸೇರಿಸುವಾಗ) ಡಿಗೋಸ್ಟ್, ಅಂದ್ರೆ ಅಲ್ಲಾಡಿದ್ದು ಎರಡೆರಡಾಗಿ ಕಾಣದ ಹಾಗೆ ಮಾಡೋ ಆಯ್ಕೆ, ಆನ್ ಮಾಡ್ಕೊಳ್ಳಿ. ಆಮೇಲೆ ದಯವಿಟ್ಟು ಎಡಿಟಿಂಗ್ ಸ್ಲೈಡರ್‌ಗಳನ್ನ ಪೂರ್ತಿ ಎಳೀಬೇಡಿ, ಬೆಟ್ಟದ ಅಂಚಲ್ಲಿ ಬೆಳ್ಳಗೆ ಹೇಲೋ (ಹೊಳೆಯೋ ಅಂಚು) ಬಂದು ಅಷ್ಟು ಚೆಂದದ ಬೆಳಕೆಲ್ಲ ಹಾಳಾಗತ್ತೆ. ಮೋಡ ಕವಿದ ದಿನ ಇದ್ಯಾವ್ದೂ ಬೇಡ, ಒಂದು ರಾ ಫೈಲ್‌ನಲ್ಲೇ ನೆರಳಿನ ಭಾಗನ ಸ್ವಲ್ಪ ಬೆಳಗಿಸಿದ್ರೆ ಸಾಕು.