ಅಮ್ಮನ ಶ್ರುತಿಯಿಂದಲೇ ಶುರು ಮಾಡಿ

ಸ್ಟ್ರೋಕ್ ಆದ ಅಮ್ಮನಿಗೆ ಖುಷಿಯ ಹಾಡು ಹಾಕಿದರೆ ಮುಖ ತಿರುಗಿಸುತ್ತಾರೆ, ಹಾಗಾದರೆ ಸಂಗೀತ ಮನಸ್ಸಿನಲ್ಲಿ ಅನುರಣಿಸುತ್ತದೆ ಅನ್ನುತ್ತಾರಲ್ಲ, ಆ ಅನುರಣನ ಅಂದರೆ ಏನು ಅಂತ ಸೋಮವಾರಪೇಟೆಯಿಂದ ಕೇಳಿದ್ದೀರಿ.

ತಂಬೂರಿಯ ಎರಡು ತಂತಿಗಳನ್ನು ಒಂದೇ ಶ್ರುತಿಗೆ ಕೂಡಿಸಿ. ಒಂದರ ಮೇಲೆ ಕಾಗದದ ಚೂರು ಇಟ್ಟು ಇನ್ನೊಂದನ್ನು ಮೀಟಿ. ಮುಟ್ಟದ ತಂತಿಯ ಮೇಲೆ ಕಾಗದ ಕುಣಿಯುತ್ತದೆ. ಒಂದರ ಕಂಪನಕ್ಕೆ ಇನ್ನೊಂದು ಹೀಗೆ ತಾನಾಗಿ ಮಿಡಿಯುವುದೇ ಅನುರಣನ. ಶ್ರುತಿ ತಪ್ಪಿದರೆ ಕಾಗದ ಸುಮ್ನೆ ಬಿದ್ದಿರುತ್ತದೆ. ಮನುಷ್ಯರಿಗೆ ಇದು ಹೋಲಿಕೆ ಮಾತ್ರ, ಮನಸ್ಸಿಗೆ ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ) ಲೆಕ್ಕ ಇಲ್ಲ. ಆದರೆ ಒಳ್ಳೆಯ ಹೋಲಿಕೆ.

1948ರಲ್ಲಿ ಮನೋವೈದ್ಯ ಇರಾ ಆಲ್ಟ್‌ಶುಲರ್ ಸಂಗೀತ ಚಿಕಿತ್ಸೆಯಲ್ಲಿ ಇಂಥದ್ದೇ ಹೊಂದಾಣಿಕೆಯನ್ನು 'ಐಸೊ ತತ್ವ' (ಐಸೊ ಅಂದರೆ ಸಮಾನ) ಅಂತ ವಿವರಿಸಿದರು. ರೋಗಿಯ ಈಗಿನ ಮನಸ್ಸಿಗೆ ಹೊಂದುವ ಸಂಗೀತದಿಂದ ಶುರು ಮಾಡಬೇಕು, ಆಮೇಲೆ ನಿಧಾನವಾಗಿ ಬದಲಿಸುತ್ತಾ ಹೋಗಬೇಕು. ನೀವು ಕೊನೆಯ ಮೆಟ್ಟಿಲಿನಿಂದ ಶುರು ಮಾಡಿದ್ದೀರಿ ಅನಿಸುತ್ತದೆ.

ನಮ್ಮಪ್ಪ ಮಾತು ನಿಲ್ಲಿಸಿದ್ದಾಗ ನಾನೂ ಅದೇ ತಪ್ಪು ಮಾಡಿದ್ದೆ. ಪುತ್ತರಿ ಸುಗ್ಗಿಹಬ್ಬದ ಜೋರು ಹಾಡು ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಮಳೆಯ ಸಂಜೆ ಪಕ್ಕದಲ್ಲಿ ಕೂತು, ಅವರ ಉಸಿರು ನೋಡುತ್ತಾ ಅದೇ ವೇಗಕ್ಕೆ ದುಡಿ ಅನ್ನುವ ಪುಟ್ಟ ಚರ್ಮವಾದ್ಯವನ್ನು ಮೆಲ್ಲಗೆ ಬಾರಿಸಿದೆ. ತುಂಬಾ ಹೊತ್ತಿನ ಮೇಲೆ ಕಂಬಳಿಯಡಿ ಅವರ ಹೆಬ್ಬೆರಳು ತಾಳ ಹಾಕಿತು!

ಫೋನ್ ಆರಿಸಿ. ಅಮ್ಮನಿಗೆ ಗೊತ್ತಿರುವ ಹಾಡೊಂದನ್ನು ನೀವೇ ಗುನುಗಿ, ಅವರ ಉಸಿರಿನಷ್ಟೇ ನಿಧಾನವಾಗಿ. ಮುಖ ತಿರುಗಿಸಿದರೆ ನಿಲ್ಲಿಸಿ, ಕೈ ಹಿಡಿದು ಕೂತಿರಿ.