ಟಿ7 ಕಿಟ್‌ನಲ್ಲಿ ಮಾಡಿದ ಆರ್‌ಎನ್‌ಎ ಫ್ರೀಜರ್‌ನಲ್ಲಿಟ್ಟರೂ ಯಾಕೆ ಹಾಳಾಗುತ್ತದೆ?

ಡಿಎನ್‌ಎ ಅಚ್ಚಿನಿಂದ ಟ್ಯೂಬಿನಲ್ಲೇ ಆರ್‌ಎನ್‌ಎ ತಯಾರಿಸುವ ಈ ಕಿಟ್ ಬಗ್ಗೆ ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಗೋಳು ನೆನಪಾಯಿತು. ಮೊದಲ ದಿನ, ಆರ್‌ಎನ್‌ಎಯನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಗೀಟು ಎಳೆದ ಹಾಗೆ ಬ್ಯಾಂಡ್ ಬಂತು, ಮೈನಸ್ 20ರಲ್ಲಿ ಎರಡು ವಾರ ಇಟ್ಟು ಮತ್ತೆ ಓಡಿಸಿದರೆ ಬರೀ ಸ್ಮಿಯರ್ (ತುಂಡಾದ ಆರ್‌ಎನ್‌ಎಯ ಮಸುಕು ಪಟ್ಟೆ), ಅಲ್ವಾ?

ಎಲ್ಲರೂ ಮೊದಲು ಆರ್‌ಎನ್‌ಎ ಕತ್ತರಿಸುವ ಕಿಣ್ವ ಆರ್‌ಎನ್‌ಏಸ್ ಮೇಲೆ ಗೂಬೆ ಕೂರಿಸುತ್ತಾರೆ. ತಪ್ಪೇನಲ್ಲ, ಅದು ನಮ್ಮ ಚರ್ಮದ ಮೇಲೇ ಇರುತ್ತದೆ, ಆಟೋಕ್ಲೇವ್ ಮಾಡಿದರೂ ಪೂರ್ತಿ ಸಾಯುವುದಿಲ್ಲ. ಆದರೆ ಗ್ಲೌಸ್, ಫಿಲ್ಟರ್ ಟಿಪ್ ಎಲ್ಲ ಬಳಸಿದ್ದೀರಿ ಅಂತ ನೀವೇ ಬರೆದಿದ್ದೀರಿ. ನನ್ನ ಅನುಮಾನ ಬೇರೆ ಕಡೆ.

ರಿಯಾಕ್ಷನ್ ಮುಗಿದ ಮೇಲೆ ಕ್ಲೀನ್ ಮಾಡದೆ ಹಾಗೇ ಒಳಗಿಟ್ಟಿರಾ? ಅದರಲ್ಲಿ ಮೆಗ್ನೀಸಿಯಂ ಇದೆ. ಆರ್‌ಎನ್‌ಎ ಕಟ್ಟುವ ಕಿಣ್ವ ಟಿ7 ಪಾಲಿಮರೇಸ್‌ಗೆ ಅದು ಬೇಕೇ ಬೇಕು, ಆದರೆ ಆರ್‌ಎನ್‌ಎ ತಾನಾಗೇ ತುಂಡಾಗಲು ಕುಮ್ಮಕ್ಕು ಕೊಡುವುದೂ ಅದೇ. ನಾನು ಡಿಎನ್‌ಎ ಅಚ್ಚನ್ನು ಕತ್ತರಿಸುವ ಡಿಎನ್‌ಏಸ್ ಹಾಕಿ 37 ಡಿಗ್ರಿಯಲ್ಲಿ 15 ನಿಮಿಷ ಇಡುತ್ತೇನೆ, ಆಮೇಲೆ ಲಿಥಿಯಂ ಕ್ಲೋರೈಡ್ ಒಟ್ಟು 2.5 ಮೋಲಾರ್ ಆಗುವಷ್ಟು ಸೇರಿಸಿ ಮೈನಸ್ 20ರಲ್ಲಿ ಅರ್ಧ ಗಂಟೆ ಬಿಟ್ಟು, ತಣ್ಣಗೆ ಸ್ಪಿನ್ ಮಾಡಿ, ತಳಕ್ಕೆ ಕೂತ ಆರ್‌ಎನ್‌ಎಯನ್ನು 70 ಪರ್ಸೆಂಟ್ ಎಥನಾಲ್‌ನಲ್ಲಿ ತೊಳೆಯುತ್ತೇನೆ. ಉಳಿದ ನ್ಯೂಕ್ಲಿಯೋಟೈಡ್ ಮೇಲಿನ ನೀರಲ್ಲೇ ಹೋಗುತ್ತದೆ, ಇಲ್ಲದಿದ್ದರೆ ನ್ಯಾನೋಡ್ರಾಪ್ (ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಯಂತ್ರ) ಸುಮ್ನೆ ಜಾಸ್ತಿ ತೋರಿಸುತ್ತದೆ. ನಿಮ್ಮದು 100 ಬೇಸ್‌ಗಿಂತ ಚಿಕ್ಕದಾದರೆ ಲಿಥಿಯಂ ನಂಬಬೇಡಿ, ಸೋಡಿಯಂ ಅಸಿಟೇಟ್ ಮತ್ತು ಎಥನಾಲೇ ಸರಿ. ರಿಯಾಕ್ಷನ್ ಬೆಳ್ಳಗೆ ಕದಡಿದರೆ ಹೆದರಬೇಡಿ, ಅದು ಮೆಗ್ನೀಸಿಯಂ ಪೈರೋಫಾಸ್ಫೇಟ್. ಕೆಲಸ ಚೆನ್ನಾಗಿ ನಡೆದಿದೆ ಅಂತ ಲೆಕ್ಕ.

ಇನ್ನೊಂದು, ಒಂದೇ ಟ್ಯೂಬನ್ನು ಎಷ್ಟು ಸಲ ಹೊರಗೆ ತೆಗೆದಿರಿ? ನಮ್ಮ ಮನೆಯಲ್ಲಿ ಅಪ್ಪೆಮಿಡಿ ಭರಣಿಗೆ ದಿನಾ ಕೈ ಹಾಕಲು ಅಮ್ಮ ಬಿಡುವುದಿಲ್ಲ. ವಾರಕ್ಕೆ ಬೇಕಾದಷ್ಟು ಸಣ್ಣ ಬಾಟಲಿಗೆ ತೆಗೆದು, ಭರಣಿ ಬಾಯಿಗೆ ಬಟ್ಟೆ ಕಟ್ಟಿಡುತ್ತಾರೆ. ನೀವೂ ಹಾಗೇ ಮಾಡಿ. ಒಂದು ಪ್ರಯೋಗಕ್ಕೆ ಒಂದು ಟ್ಯೂಬ್, 5 ಮೈಕ್ರೋಲೀಟರ್ ಸಾಕು, ಮೈನಸ್ 80ರಲ್ಲಿ. ಬರೀ ನೀರಿಗಿಂತ 1 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್, ಪಿಎಚ್ 6.4, ಒಳ್ಳೆಯದು. ಹಾಂ, ನಿಮ್ಮ ಮೈನಸ್ 20 ಮನೆಯ ಫ್ರಾಸ್ಟ್ ಫ್ರೀ ಫ್ರಿಜ್ ತರದ್ದಾ? ಹಾಗಿದ್ದರೆ ಅದು ಐಸ್ ಕರಗಿಸಲು ಆಗಾಗ ತಾನೇ ಬೆಚ್ಚಗಾಗುತ್ತಿರುತ್ತದೆ.

ಶಿವಮೊಗ್ಗದವರು ಅಂದಿರಲ್ಲ, ಹಾಗಾದರೆ ಮಳೆಗಾಲದ ಕರೆಂಟ್ ಬಗ್ಗೆ ಹೇಳಬೇಕಾಗಿಲ್ಲ. ಒಂದು ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು, ಶನಿವಾರ ರಾತ್ರಿ ಹೋದ ಕರೆಂಟ್ ಬಂದಿದ್ದು ಸೋಮವಾರ. ಫ್ರೀಜರ್ ಬಾಗಿಲು ತೆಗೆದರೆ ಡಬ್ಬಿ ನೀರಲ್ಲಿ ತೇಲುತ್ತಿತ್ತು, ಟ್ಯೂಬ್ ಮೇಲಿನ ಶಾಯಿ ಇಳಿದುಹೋಗಿತ್ತು. ಆರ್‌ಎನ್‌ಎ ಕರಗಿಸಿಟ್ಟ ಆರೂ ಟ್ಯೂಬ್ ಹಾಳು. ಉಳಿದಿದ್ದು ಶುಕ್ರವಾರ ಸಾಕಾಗಿ ಎಥನಾಲ್ ಹಾಕಿ ಹಾಗೇ ಬಿಟ್ಟು ಹೋಗಿದ್ದ ಒಂದೇ ಟ್ಯೂಬ್! ಎಥನಾಲ್‌ನಲ್ಲಿ ಆರ್‌ಎನ್‌ಏಸ್ ಆಟ ನಡೆಯುವುದಿಲ್ಲ, ಆರ್‌ಎನ್‌ಎ ಕೂಡ ಕರಗದೆ ಕೂತಿರುತ್ತದೆ. ಅವತ್ತಿಂದ ಮಾಡಿದ್ದರಲ್ಲಿ ಅರ್ಧವನ್ನು ಎಥನಾಲ್‌ನಲ್ಲೇ ಇಡುತ್ತೇನೆ. ಬೇಕಾದಾಗ 15 ನಿಮಿಷ ಜೋರಾಗಿ ಸ್ಪಿನ್ ಮಾಡಿ, ತೊಳೆದು, ಮುಚ್ಚಳ ತೆರೆದಿಡಿ. ಮಳೆಗಾಲದ ತಂಡಿಯಲ್ಲಿ ಒಣಗಲು ಸ್ವಲ್ಪ ಜಾಸ್ತಿ ಹೊತ್ತು ಬೇಕು. ತಳದಲ್ಲಿ ಕೂತ ಆರ್‌ಎನ್‌ಎಯ ಬಿಳಿ ಪೆಲೆಟ್ ಅಂಚಿನಿಂದ ಗಾಜಿನ ಹಾಗೆ ತಿಳಿಯಾಗುತ್ತಾ ಬಂದ ಕೂಡಲೇ ಸಿಟ್ರೇಟ್ ಹಾಕಿಬಿಡಿ, ಪೂರ್ತಿ ಒಣಗಿಸಿದರೆ ಆಮೇಲೆ ಕರಗಿಸುವಷ್ಟರಲ್ಲಿ ಸಂಜೆಯಾಗುತ್ತದೆ.