ಹಸಿವಾಗಿದೆಯೇ ಎಂದರೆ 640 ಎಂದರು

ತೂಕ ಇಳಿಸಬೇಕೆಂದು ಬರುವವರಿಗಿಂತ, ಇಳಿಸಿದ ತೂಕವನ್ನು ಕಾಯುವುದರಲ್ಲೇ ಸೋತು ಸುಣ್ಣವಾಗಿ ಬರುವವರು ಈಚಿನ ವರ್ಷಗಳಲ್ಲಿ ನನ್ನಲ್ಲಿಗೆ ಹೆಚ್ಚಾಗಿ ಬರುತ್ತಿದ್ದಾರೆ. ನೆಂಟರು, ಸಹೋದ್ಯೋಗಿಗಳು ‘ಹೇಗೆ ಇಳಿಸಿದಿರಿ’ ಎಂದು ಅಸೂಯೆಯಿಂದ ಕೇಳುವಷ್ಟು ಅವರು ಗೆದ್ದಿರುತ್ತಾರೆ. ಆದರೆ ಪ್ರತಿ ತುತ್ತಿಗೂ ಲೆಕ್ಕ ಬರೆದು ಬರೆದು ಬೇಸತ್ತಿರುತ್ತಾರೆ, ಬರೆಯುವುದನ್ನು ಬಿಟ್ಟರೆ ಹಳೆಯ ತೂಕ ಮರಳಿ ಬಂದೀತೆಂಬ ಭಯವೂ ಬಿಟ್ಟಿರುವುದಿಲ್ಲ. ಅಂಥವರಲ್ಲಿ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ಇನ್ನೊಂದು ಕಾರಣವೂ ಇದೆ. ಇವರಿಗೆ ನಾನು ಕೊಟ್ಟ ಸಲಹೆಯನ್ನು ನನಗೆ ಪರಿಚಯದ ಆಹಾರತಜ್ಞೆಯೊಬ್ಬರು ಒಪ್ಪಲಿಲ್ಲ, ನನ್ನ ಜೊತೆಯಲ್ಲೇ ತರಬೇತಿ ಪಡೆದ ಆಪ್ತಸಲಹೆಗಾರರೊಬ್ಬರೂ ಒಪ್ಪಲಿಲ್ಲ. ಅದೂ ಪರಸ್ಪರ ವಿರುದ್ಧವಾದ ಕಾರಣಗಳಿಗಾಗಿ.

ಅವರು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಶಿಕ್ಷಕಿ, ವಯಸ್ಸು ನಲವತ್ತು ದಾಟಿದೆ, ಮಂಡ್ಯ ಸೀಮೆಯಲ್ಲಿ ಹುಟ್ಟಿ ಬೆಳೆದವರು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ವೈದ್ಯರು ಎಚ್ಚರಿಸಿದ ಮೇಲೆ, ಫೋನಿನ ಆ್ಯಪ್ ಒಂದರಲ್ಲಿ ದಿನಕ್ಕೆ 1,300 ಕ್ಯಾಲೊರಿಯ ಮಿತಿ ಹಾಕಿಕೊಂಡು, ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ, ಹದಿನಾರು ತಿಂಗಳಲ್ಲಿ 82 ಕೆಜಿಯಿಂದ 64ಕ್ಕೆ ಇಳಿದಿದ್ದರು. ರಕ್ತದ ಸಕ್ಕರೆ ಹತೋಟಿಗೆ ಬಂದಿತ್ತು, ಮೊಣಕಾಲ ನೋವು ಕಡಿಮೆಯಾಗಿತ್ತು. ಈ ಲಾಭವನ್ನು ನಾನು ಎಂದೂ ಅಲ್ಲಗಳೆದಿಲ್ಲ.

ಅವರನ್ನು ನನ್ನ ಬಳಿಗೆ ತಂದದ್ದು ಒಂದು ಬೀಗರೂಟ. ಅಕ್ಕನ ಮಗನ ಮದುವೆಯ ಮರುವಾರ ನಡೆದ ಆ ಊಟದಲ್ಲಿ, ಮಸಾಲೆಗೆ ಎಷ್ಟು ಎಣ್ಣೆ ಬಿದ್ದಿದೆಯೆಂದು ತಿಳಿಯದ ಕಾರಣ ಆ್ಯಪ್‌ಗೆ ಏನನ್ನೂ ಬರೆಯಲಾಗದೆ, ಸೌತೆಕಾಯಿ ಹೋಳುಗಳನ್ನಷ್ಟೇ ತಿಂದು ಎದ್ದಿದ್ದರು. ಅದೇ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ಅಡುಗೆಮನೆಯ ದೀಪವನ್ನೂ ಹಾಕದೆ ನಿಂತುಕೊಂಡೇ ಡಬ್ಬಿಯಲ್ಲಿದ್ದ ಕಜ್ಜಾಯಗಳನ್ನು ಒಂದೊಂದಾಗಿ ಖಾಲಿ ಮಾಡಿದ್ದರು. ಇಂಥ ರಾತ್ರಿಗಳು ತಿಂಗಳಿಗೆ ಒಂದೆರಡು ಬಾರಿ ಬರತೊಡಗಿದ್ದವು. ಮರುದಿನ ಬೆಳಿಗ್ಗೆ ಮಿತಿಯನ್ನು 1,000ಕ್ಕೆ ಇಳಿಸುವುದೇ ಅವರು ಕಂಡುಕೊಂಡಿದ್ದ ಪ್ರಾಯಶ್ಚಿತ್ತ.

ಮೊದಲ ಭೇಟಿಯಲ್ಲಿ ಅವರು ನನ್ನಿಂದ ಬಯಸಿದ್ದು ಮನಸ್ಸು ಗಟ್ಟಿಮಾಡುವ ಉಪಾಯವನ್ನು. ಮನಸ್ಸು ಸಾಕಷ್ಟು ಗಟ್ಟಿಯಿದೆ, ದಣಿದಿರುವುದು ದೇಹ ಎಂದು ಹೇಳಿ ನಾನು ಅವರಿಗೆ ಹಳೆಯದೊಂದು ಪ್ರಯೋಗದ ವಿಷಯ ತಿಳಿಸಿದೆ. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಮುಂದೆ ಬಂದ 36 ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟರು. ಅವರು ತಮ್ಮ ತೂಕದ ಸುಮಾರು ನಾಲ್ಕನೇ ಒಂದು ಭಾಗವನ್ನು ಕಳೆದುಕೊಂಡರು. ಅದಕ್ಕಿಂತ ಮುಖ್ಯವಾಗಿ, ಹಗಲಿರುಳು ಊಟದ ಧ್ಯಾನದಲ್ಲೇ ಮುಳುಗಿದರು, ಕೆಲವರು ಅಡುಗೆ ಪುಸ್ತಕಗಳನ್ನು ಗುಡ್ಡೆಹಾಕಿಕೊಂಡು ಓದಿದರು. ಮತ್ತೆ ಯಥೇಚ್ಛವಾಗಿ ಊಟ ಸಿಕ್ಕಾಗ ಹೊಟ್ಟೆ ತುಂಬಿದ ಮೇಲೂ ತಿನ್ನುವುದನ್ನು ನಿಲ್ಲಿಸಲಾಗದೆ ಹಲವರು ಒದ್ದಾಡಿದರು. ನನ್ನ ಶಿಕ್ಷಕಿಯ ಸ್ಥಿತಿ ಅಷ್ಟು ತೀವ್ರವಾಗಿರಲಿಲ್ಲ, ಎರಡನ್ನೂ ಒಂದೇ ಎನ್ನಲಾಗದು. ಆದರೂ ಅಡುಗೆ ಪುಸ್ತಕದ ಮಾತು ಬಂದಾಗ ಅವರು ತಲೆಯೆತ್ತಿ ನೋಡಿದರು. ತಾನು ಎಂದೂ ಮಾಡದ ಅಡುಗೆಗಳ ವಿಡಿಯೊಗಳನ್ನು ರಾತ್ರಿ ಒಂದು ಗಂಟೆಯವರೆಗೆ ನೋಡುತ್ತಿರುತ್ತೇನೆಂದು ಆಗ ಮೊದಲ ಬಾರಿ ಹೇಳಿದರು.

ನಾಲ್ಕು ಭೇಟಿಗಳು ಹೀಗೆ ಮಾತಿನಲ್ಲೇ ಕಳೆದವು. ಐದನೆಯದನ್ನು ಮಧ್ಯಾಹ್ನ ಒಂದು ಗಂಟೆಗೆ ಇಟ್ಟು, ಊಟದ ಡಬ್ಬಿಯನ್ನು ಜೊತೆಗೆ ತರುವಂತೆ ಹೇಳಿದ್ದೆ. ಡಬ್ಬಿಯಲ್ಲಿ ತೂಗಿ ಕಟ್ಟಿದ ಒಂದು ಮುದ್ದೆ, ಸೊಪ್ಪು ಕಾಳಿನ ಪಲ್ಯ, ಬಸ್ಸಾರು ಇದ್ದವು. ಮುಚ್ಚಳ ತೆರೆಯುವ ಮೊದಲು ನಾನು ಸಹಜವಾಗಿಯೇ ಕೇಳಿದೆ: “ಹಸಿವಾಗಿದೆಯೇ?”

“ಇವತ್ತಿಗೆ ಇನ್ನೂ 640 ಇದೆ ಮೇಡಂ” ಎಂದರು.

ನಾನು ಏನೂ ಹೇಳಲಿಲ್ಲ. ಅವರು ಫೋನ್ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ತಾನು ಯಾವ ಪ್ರಶ್ನೆಗೆ ಯಾವ ಉತ್ತರ ಕೊಟ್ಟೆನೆಂದು ತಿಳಿಯುತ್ತಲೇ ಮೊದಲು ಜೋರಾಗಿ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಂಗನವಾಡಿ ಮಗುವನ್ನು ಕೇಳಿದರೂ ಹೂಂ ಅಥವಾ ಉಹೂಂ ಅನ್ನುತ್ತದೆ. ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ” ಎಂದರು. ಫೋನನ್ನು ಚೀಲದೊಳಗಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕುಳಿತ ಮೇಲೆ, “ತಲೆ ಸ್ವಲ್ಪ ಭಾರವಾಗಿದೆ, ಬೆಳಿಗ್ಗೆಯಿಂದ ಮಕ್ಕಳ ಮೇಲೆ ರೇಗುತ್ತಿದ್ದೆ, ಇದೇ ಹಸಿವೇನೋ” ಎಂದು ಅನುಮಾನಿಸುತ್ತಲೇ ಹೇಳಿದರು. ಅದೇ ಹಸಿವು, ಹೊಟ್ಟೆಯ ಚುರುಗುಟ್ಟುವಿಕೆಯನ್ನು ಅವರು ಎಷ್ಟೋ ತಿಂಗಳಿಂದ ಕಡೆಗಣಿಸಿದ್ದರಿಂದ ಅದು ತಲೆಯಲ್ಲಿ, ಸಿಟ್ಟಿನಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಊಟ ಅರ್ಧಕ್ಕೆ ಬಂದಾಗ ಕೈ ನಿಲ್ಲಿಸಿ ಗಮನಿಸುವಂತೆ ಹೇಳಿದೆ. “ನಿಲ್ಲಿಸಲೇ?” ಎಂದು ಕೇಳಿದರು. ಅದನ್ನು ನಾನು ಹೇಳುವುದಿಲ್ಲ ಎಂದೆ. ಫೋನಿನ ಜಾಗದಲ್ಲಿ ನಾನು ಕುಳಿತುಬಿಟ್ಟರೆ ಅವರಿಗೆ ಆಗುವ ಉಪಕಾರವೇನು? ಇನ್ನು ಮೂರು ತುತ್ತು ಉಂಡ ಮೇಲೆ ‘ಸಾಕು’ ಎನಿಸಿತು. ಆದರೆ ಡಬ್ಬಿಯಲ್ಲಿ ಉಳಿದ ಕಾಲುಭಾಗ ಮುದ್ದೆಯನ್ನು ನೋಡಿ ಅವರ ಮುಖ ಬಾಡಿತು. ಎಲೆಯಲ್ಲಿ ಅನ್ನ ಬಿಟ್ಟು ಏಳಬಾರದೆಂದು ಬೈಸಿಕೊಂಡು ಬೆಳೆದವರಿಗೆ ‘ಹೊಟ್ಟೆ ತುಂಬಿದ ಕೂಡಲೇ ನಿಲ್ಲಿಸಿ’ ಎಂಬ ಸಲಹೆ ಪಾಪದ ಕೆಲಸದಂತೆಯೇ ಕೇಳಿಸುತ್ತದೆ. ಆ ಮಾತಿನ ಹಿಂದಿರುವ ಬರಗಾಲದ ನೆನಪನ್ನು ನಾನು ಗೌರವಿಸುತ್ತೇನೆ, ಬಿಟ್ಟು ಏಳಿ ಎಂದು ಯಾರಿಗೂ ಹೇಳುವುದಿಲ್ಲ. ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಮುದ್ದೆಗಳನ್ನು ಕಟ್ಟಿ, ಮೊದಲು ಕಡಿಮೆ ಬಡಿಸಿಕೊಂಡು, ಬೇಕೆನಿಸಿದರೆ ಎರಡನೆಯ ಸಲ ನಾಚದೆ ಹಾಕಿಕೊಳ್ಳಿ ಎಂದೆ. ಬಹುಮಟ್ಟಿಗೆ ಈ ಒಂದು ಬದಲಾವಣೆಯೇ ಅವರ ತಕ್ಕಡಿಯನ್ನು ಅಟ್ಟಕ್ಕೇರಿಸಿತು. ಇಲ್ಲೊಂದು ಮಾತು ಹೇಳಲೇಬೇಕು: ಪ್ರತಿ ತುತ್ತನ್ನೂ ಮೂವತ್ತೆರಡು ಬಾರಿ ಅಗಿಯಿರಿ ಎಂಬ ಉಪದೇಶವನ್ನು ಮುದ್ದೆ ಉಣ್ಣುವವರಿಗೆ ಕೊಡುವವರು ಮುದ್ದೆಯನ್ನು ನುಂಗುತ್ತಾರೆಂಬುದನ್ನೇ ಅರಿಯದವರು. ನಿಧಾನವನ್ನು ಸೊಪ್ಪು, ಕಾಳು ಅಗಿಯುವುದರಲ್ಲಿ ತಂದುಕೊಳ್ಳಬೇಕು.

ಹಸಿವು ತಣಿವುಗಳನ್ನು ಆಲಿಸಿ ಉಣ್ಣುವ ಈ ಕ್ರಮಕ್ಕೆ ‘ಇಂಟ್ಯೂಟಿವ್ ಈಟಿಂಗ್’ ಎಂಬ ಇಂದಿನ ಹೆಸರು ಮತ್ತು ಚೌಕಟ್ಟು ಸಿಕ್ಕಿದ್ದು 1995ರಲ್ಲಿ, ಎವೆಲಿನ್ ಟ್ರಿಬೋಲಿ ಮತ್ತು ಎಲಿಸ್ ರೆಶ್ ಎಂಬ ಅಮೆರಿಕದ ಇಬ್ಬರು ಆಹಾರತಜ್ಞೆಯರಿಂದ. ಅವರ ಪ್ರಕಾರ ಇದು ತೂಕ ಇಳಿಸುವ ಉಪಾಯವಲ್ಲ. ತೂಕದ ಗುರಿಯನ್ನು ಇಟ್ಟುಕೊಂಡರೆ ಆಲಿಸುವುದೇ ಕೆಡುತ್ತದೆ. ನನ್ನ ಸಹಪಾಠಿಯ ಆಕ್ಷೇಪವೂ ಇದೇ ಆಗಿತ್ತು: ತೂಕ ನೋಡುವ ಯಂತ್ರವನ್ನು ಮನೆಯಿಂದಲೇ ಹೊರಗೆ ಹಾಕಿಸಬೇಕಿತ್ತು, ನೀವು ಹಾಕಿಸಲಿಲ್ಲ. ಆಹಾರತಜ್ಞೆಯ ಆಕ್ಷೇಪ ಇದರ ಇನ್ನೊಂದು ತುದಿ: ಚೆನ್ನಾಗಿ ಕೆಲಸ ಮಾಡುತ್ತಿದ್ದ ಲೆಕ್ಕವನ್ನು ಬಿಡಿಸಿ ನೀವು ಅವರನ್ನು 82ರ ದಾರಿಗೆ ತಳ್ಳುತ್ತಿದ್ದೀರಿ.

ಆಹಾರತಜ್ಞೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ತೂಕ ಇಳಿದ ದೇಹದ ಹಸಿವು ಮೊದಲಿನ ಹಸಿವಾಗಿ ಉಳಿದಿರುವುದಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 50 ಜನರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹತ್ತು ವಾರ ಕಠಿಣ ಪಥ್ಯ ಮಾಡಿ ತೂಕ ಇಳಿಸಿದವರಲ್ಲಿ ಹಸಿವೆಯನ್ನು ಏರಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿಯೂ, ತಣಿವನ್ನು ಸೂಚಿಸುವ ಲೆಪ್ಟಿನ್ ಕಡಿಮೆಯಾಗಿಯೂ ಒಂದು ವರ್ಷದ ನಂತರವೂ ಉಳಿದಿದ್ದವು. ಅಂದರೆ ‘ನಿಮ್ಮ ದೇಹ ಹೇಳಿದಂತೆ ಕೇಳಿ’ ಎಂದು ಸುಮ್ಮನೆ ಹೇಳಿ ಕಳಿಸಿದರೆ, ಆ ದೇಹ ಕಳೆದುಹೋದ ತೂಕವನ್ನು ವಾಪಸ್ಸು ಕೇಳುವ ಸಾಧ್ಯತೆಯೇ ಹೆಚ್ಚು. ಇನ್ನೊಂದು ಕಡೆ, ಅಮೆರಿಕದಲ್ಲಿ 1994ರಿಂದ, ಹದಿಮೂರೂವರೆ ಕೆಜಿಗೂ ಹೆಚ್ಚು ಇಳಿಸಿ ವರ್ಷವಾದರೂ ಉಳಿಸಿಕೊಂಡವರ ವಿವರಗಳನ್ನು ದಾಖಲಿಸುತ್ತಾ ಬಂದಿದ್ದಾರೆ. ಅವರಲ್ಲಿ ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು, ದಿನಕ್ಕೆ ಸುಮಾರು ಒಂದು ಗಂಟೆ ದೇಹ ದಣಿಸುವವರು. ಇದನ್ನೆಲ್ಲ ತಿಳಿದೂ ನಾನು ಲೆಕ್ಕ ಬಿಡಿಸಿದ್ದೇಕೆಂದರೆ, ಇವರ ವಿಷಯದಲ್ಲಿ ಲೆಕ್ಕವೇ ಕಜ್ಜಾಯದ ಡಬ್ಬಿಯನ್ನು ಖಾಲಿ ಮಾಡಿಸುತ್ತಿತ್ತು. ಸದಾ ಪಥ್ಯದಲ್ಲಿರುವವರು ತಾವು ಹಾಕಿಕೊಂಡ ಗೆರೆ ದಾಟಿದೆವೆಂದು ತಿಳಿದ ಕೂಡಲೇ ಕಡಿಮೆ ತಿನ್ನುವ ಬದಲು ಇನ್ನೂ ಹೆಚ್ಚು ತಿನ್ನುತ್ತಾರೆಂಬುದು 1975ರಷ್ಟು ಹಿಂದೆಯೇ, ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಮ್ ಮುಂದಿಟ್ಟು ನೋಡಿದ ಪ್ರಯೋಗದಲ್ಲಿ ಕಂಡುಬಂದಿತ್ತು. ನೀರಿಗಿಳಿದವನಿಗೆ ಮಳೆಯೇನು, ಚಳಿಯೇನು ಎಂಬ ಮನಸ್ಥಿತಿ ಅದು. ಗೆರೆಯೇ ಇಲ್ಲದಿದ್ದರೆ ದಾಟುವ ಪ್ರಶ್ನೆಯೂ ಏಳುವುದಿಲ್ಲ.

ಆದ್ದರಿಂದ ನನ್ನ ಸಲಹೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ ಕಂಡರೆ ಕಾಣಲಿ. ಮೊದಲು ಅವರ ಥೈರಾಯ್ಡ್ ಮತ್ತು ಸಕ್ಕರೆಯನ್ನು ವೈದ್ಯರಿಂದ ಮತ್ತೊಮ್ಮೆ ನೋಡಿಸಿದೆ. ಇನ್ಸುಲಿನ್ ಅಥವಾ ಸಕ್ಕರೆಯನ್ನು ತೀರಾ ಇಳಿಸಬಲ್ಲ ಮಾತ್ರೆಗಳನ್ನು ತೆಗೆದುಕೊಳ್ಳುವವರಾಗಿದ್ದರೆ, ಹಸಿವಾದಾಗ ಮಾತ್ರ ಉಣ್ಣಿ ಎಂಬ ಮಾತು ಅಪಾಯಕ್ಕೆ ದಾರಿಯಾಗುತ್ತಿತ್ತು. ಹತೋಟಿ ತಪ್ಪಿ ತಿನ್ನುವ ಆ ರಾತ್ರಿಗಳು ವಾರಕ್ಕೊಮ್ಮೆಯಂತೆ ಮೂರು ತಿಂಗಳು ಬಂದಿದ್ದರೆ ಅದು ಮನೋವೈದ್ಯರು ನೋಡಬೇಕಾದ ಕಾಯಿಲೆ, ನಾನು ಮುಂದುವರಿಯುತ್ತಿರಲಿಲ್ಲ. ಇವೆರಡೂ ಇಲ್ಲವೆಂದಾದ ಮೇಲೆ, ಆ್ಯಪ್ ಅನ್ನು ಒಮ್ಮೆಲೇ ಅಳಿಸದೆ, ಮೂರು ವಾರ ಬೆಳಗಿನ ತಿಂಡಿಯನ್ನಷ್ಟೇ ಬರೆಯದೆ ಬಿಡಿಸಿದೆ. ಆಮೇಲೆ ಮಧ್ಯಾಹ್ನದ್ದು, ಕೊನೆಗೆ ರಾತ್ರಿಯದು. ಹಸಿವೆಯ ಸೂಚನೆ ಇನ್ನೂ ನಂಬಿಕೆಗೆ ಬಾರದ ಆ ತಿಂಗಳುಗಳಲ್ಲಿ, ಹಸಿವು ಕಾಣಲಿ ಬಿಡಲಿ, ಮೂರು ಹೊತ್ತು ಊಟ ಮತ್ತು ಸಂಜೆ ನಾಲ್ಕೂವರೆಗೆ ಒಂದು ಹಿಡಿ ಕಡಲೆಬೀಜವೋ ಹಣ್ಣೋ ಎಂದು ನಿಗದಿ ಮಾಡಿದೆ. ಶಾಲೆಯಿಂದ ಹಸಿದು ಬಂದವರ ಕೈ ಮೊದಲು ಹೋಗುವುದು ಬಿಸ್ಕತ್ತಿನ ಪೊಟ್ಟಣಕ್ಕೆ. ಎಷ್ಟು ತಿಂದರೂ ‘ಸಾಕು’ ಎನ್ನಿಸದಂತೆ ತಯಾರಾದ ತಿಂಡಿಯ ಮುಂದೆ ಹೊಟ್ಟೆಯ ಮಾತು ನಡೆಯುವುದಿಲ್ಲ. ಹುರುಳಿ, ಮೊಳಕೆ ಕಾಳು, ಮೊಟ್ಟೆ, ಸೊಪ್ಪು ಇರುವ ಊಟದಲ್ಲಿ ತಣಿವು ತಾನಾಗಿ ಬರುತ್ತದೆ.

ಹಸಿವೆಯನ್ನು ಒಂದರಿಂದ ಹತ್ತರವರೆಗಿನ ಅಳತೆಪಟ್ಟಿಯಲ್ಲಿ ಗುರುತಿಸುವುದು ಈ ಕ್ರಮದಲ್ಲಿ ರೂಢಿ. ಗಣಿತ ಶಿಕ್ಷಕಿಯ ಕೈಗೆ ಅದನ್ನು ಕೊಡಲು ನನಗೆ ಧೈರ್ಯ ಬರಲಿಲ್ಲ. ವಾರದ ಸರಾಸರಿ ತೆಗೆದು ತಂದಾರೆಂಬ ಭಯವಿತ್ತು. ಬದಲಿಗೆ ತಮ್ಮ ಮನೆಮಾತಿನಲ್ಲೇ ಬರೆಯಲು ಹೇಳಿದೆ. ‘ಚುರುಚುರು’, ‘ಪರವಾಗಿಲ್ಲ’, ‘ಸಾಕು’, ‘ಹೊಟ್ಟೆ ಬಿರಿಯುತ್ತಿದೆ’, ‘ಬರೀ ಬಾಯಿಚಪಲ’ ಎಂಬ ಐದು ಮಾತುಗಳಲ್ಲೇ ಅವರ ನೋಟ್‌ಬುಕ್ ತುಂಬಿತು. ಕಜ್ಜಾಯವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು, ಆದರೆ ತಟ್ಟೆಗೆ ಹಾಕಿಕೊಂಡು, ಕುಳಿತು, ಹಗಲು ಹೊತ್ತಿನಲ್ಲಿ, ಮನೆಯವರ ಎದುರಿನಲ್ಲೇ ತಿನ್ನಬೇಕು ಎಂದೆ. ಈ ಸಲಹೆಗೆ ಅವರು ಎಲ್ಲಕ್ಕಿಂತ ಹೆಚ್ಚು ಹೆದರಿದರು.

ತೂಕ ನೋಡುವುದನ್ನು ಪ್ರತಿ ಬೆಳಗಿನಿಂದ ಹದಿನೈದು ದಿನಕ್ಕೊಮ್ಮೆಗೆ ಇಳಿಸಿದೆ. 68 ದಾಟಿದರೆ ಊಟಕ್ಕೆ ಕೈಹಾಕುವ ಮೊದಲು ನಿದ್ದೆ, ನಡಿಗೆ, ಸಂಜೆಯ ಕಾಫಿಯ ಜೊತೆಗಿನ ಕುರುಕಲನ್ನು ನೋಡೋಣ ಎಂದು ಮಾತಾಯಿತು. 64 ಉಳಿಯುತ್ತದೆಂಬ ಭರವಸೆಯನ್ನು ಮಾತ್ರ ನಾನು ಕೊಡಲಿಲ್ಲ. ಅರೆಹೊಟ್ಟೆಯಲ್ಲಿ ಮುಟ್ಟಿದ ಅಂಕಿಯನ್ನು ಹೊಟ್ಟೆ ತುಂಬ ಉಂಡು ಉಳಿಸಿಕೊಳ್ಳಬಹುದೆಂದು ಹೇಳುವುದು ಸುಳ್ಳು, ಮತ್ತು ಆ ಸುಳ್ಳನ್ನು ಈ ಕ್ರಮದ ಹೆಸರಿನಲ್ಲಿ ಮಾರುವವರು ಈಗ ಸಾಕಷ್ಟಿದ್ದಾರೆ.

ಹದಿಮೂರು ತಿಂಗಳಾದ ಮೇಲೆ ಅವರ ತೂಕ 67ರ ಆಸುಪಾಸಿನಲ್ಲಿ ನಿಂತಿದೆ. ಸಕ್ಕರೆ ಹತೋಟಿಯಲ್ಲೇ ಇದೆ. ಕತ್ತಲಲ್ಲಿ ನಿಂತು ತಿಂದ ರಾತ್ರಿಗಳು ಈ ಅವಧಿಯಲ್ಲಿ ಎರಡು, ಎರಡೂ ಉತ್ತರಪತ್ರಿಕೆಗಳ ಮೌಲ್ಯಮಾಪನದ ದಿನಗಳಲ್ಲಿ. ಮೂರು ಕೆಜಿ ಹೆಚ್ಚಾದದ್ದಕ್ಕೆ ಅವರಿಗೆ ಸಮಾಧಾನವಿಲ್ಲ, ಹಳೆಯ ರವಿಕೆಗಳನ್ನು ಬಿಡಿಸಿ ಹೊಲಿಸಬೇಕಾಯಿತೆಂದು ನನ್ನ ಮೇಲೆ ಸಣ್ಣ ಮುನಿಸೂ ಇದೆ. ನನಗೂ ಒಮ್ಮೊಮ್ಮೆ, ಆಹಾರತಜ್ಞೆ ಹೇಳಿದಂತೆ ವಾರಕ್ಕೆರಡು ದಿನವಾದರೂ ಲೆಕ್ಕ ಇರಿಸಬಹುದಿತ್ತೇ ಎನಿಸುತ್ತದೆ. ಐದನೆಯ ಭೇಟಿಯ ಆ 640 ನೆನಪಾದಾಗ ಇಲ್ಲವೆನಿಸುತ್ತದೆ.

ಕಳೆದ ಭೇಟಿಗೆ ಮುಂಚಿನ ವಾರ ಇನ್ನೊಂದು ಬೀಗರೂಟಕ್ಕೆ ಹೋಗಿ ಬಂದಿದ್ದರು. ಏನೇನು ಉಂಡಿರಿ ಎಂದು ಕೇಳಿದೆ. ಬೆರಳು ಮಡಚುತ್ತಾ ಮುದ್ದೆ, ಸಾರು, ಚಾಪ್ಸ್ ಎಂದು ಎಣಿಸಲು ಹೊರಟವರು ನಡುವೆ ನಿಂತು, “ಎಷ್ಟು ಅಂತ ನೆನಪಿಲ್ಲ ಮೇಡಂ. ಎರಡನೇ ಸಲ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ, ಅದಷ್ಟು ನೆನಪಿದೆ” ಎಂದರು. ಆ್ಯಪ್ ಅವರ ಫೋನಿನಲ್ಲಿ ಇನ್ನೂ ಇದೆ. ಅಳಿಸಿ ಎಂದು ನಾನು ಹೇಳಿಲ್ಲ, ಅಳಿಸಲೇ ಎಂದು ಅವರೂ ಕೇಳಿಲ್ಲ.